ನೋಡಲಿಕ್ಕೆ ಮಾತ್ರ ಪೆಡಲು

ಸೇತುವೆಯ ಏರಿನಲ್ಲಿ ಪೊಲೀಸಿನವನು ಕಂಡದ್ದೇ ತಡ, ಎವೇಲಿಯೊ ಮುದುಕ ಕ್ಲಚ್ ಹಿಡಿದು ಸೈಕಲ್ಲಿಗೆ ಕಟ್ಟಿದ್ದ ಎಂಜಿನ್ ಆರಿಸಿ, ಏನೂ ಅರಿಯದ ಸಾಧುವಿನ ಮುಖ ಮಾಡಿಕೊಂಡು ಪೆಡಲು ತುಳಿಯತೊಡಗಿದ. ಹಿಂದೆ ಕ್ಯಾರಿಯರಿನ ಮೇಲೆ ಹೆಂಡತಿ ದಿಗ್ನಾ. ಅವಳ ಅಂಗೈಯ ಮೇಲೆ ಒಂದು ರಟ್ಟಿನ ತುಂಡು, ರಟ್ಟಿನ ಮೇಲೆ ಎರಡು ಅಂತಸ್ತಿನ ಕೇಕು. ನಮ್ಮ ಕ್ಯೂಬಾದಲ್ಲಿ ಕೇಕಾದರೂ ಸಿಕ್ಕೀತು, ಅದನ್ನಿಡಲು ಡಬ್ಬಿ ಸಿಕ್ಕುವುದುಂಟೇ? ಹೊತ್ತವರ ಅಂಗೈಯೇ ಡಬ್ಬಿ.

ಎಂಜಿನ್ ಓಡುತ್ತಿದ್ದರೆ ಪೊಲೀಸರು ಕಿತ್ತುಕೊಂಡು ಹೋಗುತ್ತಾರೆ, ಪೆಡಲು ತುಳಿಯುತ್ತಿದ್ದರೆ ಸೈಕಲ್ಲೆಂದು ಬಿಟ್ಟುಬಿಡುತ್ತಾರೆ. ಊರಿನ ರಿಕಿಂಬಿಲಿಗಳೆಲ್ಲ, ಅಂದರೆ ಹೀಗೆ ಎಂಜಿನ್ ಕೂಡಿಸಿದ ಸೈಕಲ್ಲುಗಳೆಲ್ಲ, ಉಳಿದಿರುವುದೇ ಈ ಉಪಾಯದಿಂದ. ಆದರೆ ನಮ್ಮ ಎವೇಲಿಯೊ ಮಹಾಶಯ ಒಂದು ಎಡವಟ್ಟು ಮಾಡಿಟ್ಟಿದ್ದ. ಸೊಳ್ಳೆಗೆ ಹೊಗೆ ಹಾಕುವ ಹಳೇ ಯಂತ್ರದ ಎಂಜಿನ್ನನ್ನು ನಾಲ್ಕು ತಿಂಗಳು ಕೂತು ಸೈಕಲ್ಲಿಗೆ ಕೂಡಿಸಿದವನಿಗೆ, ಊರೆಲ್ಲ ಜಾಲಾಡಿದರೂ ಎರಡನೇ ಚೈನು ಸಿಕ್ಕಿರಲಿಲ್ಲ. ಇದ್ದೊಂದು ಚೈನನ್ನೇ ಪೆಡಲಿನಿಂದ ಬಿಚ್ಚಿ ಎಂಜಿನ್ನಿಗೆ ಹಾಕಿದ್ದ. ಪೆಡಲು ಬರೀ ನೋಡಲಿಕ್ಕೆ. ಸಮತಟ್ಟು ರಸ್ತೆಯಲ್ಲಿ ಅದು ನಡೆದೀತು, ಇದು ಏರು. ಅವನ ಕಾಲುಗಳು ಗರಗರ ಮುಂದಕ್ಕೆ ತಿರುಗುತ್ತಲೇ ಇದ್ದವು. ಸೈಕಲ್ಲು ಒಂದು ಕ್ಷಣ ನಿಂತು ಯೋಚಿಸಿ, ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು.

“ಏ ಮುದುಕಾ, ಮುಂದಕ್ಕೆ ಹೋಗೋ! ಮೂರು ಗಂಟೆಗೆ ಹುಟ್ಟುಹಬ್ಬದ ಹುಡುಗಿ ಕೇಕ್ ಕತ್ತರಿಸ್ಬೇಕು!”

“ಹೋಗ್ತಾ ಇದೀನಲ್ಲೇ!”

“ಯಾವ ಕಡೆಗೆ?”

ಪೊಲೀಸಿನ ಯೊಸ್ಬೆಲ್ ಓಡಿ ಬಂದು ಸೈಕಲ್ಲನ್ನು ಹಿಡಿದು ನಿಲ್ಲಿಸಿದ. ಇದೇ ಊರಲ್ಲಿ ಹುಟ್ಟಿ ಬೆಳೆದವನು, ಮೊನ್ನೆ ಮೊನ್ನೆ ಸಮವಸ್ತ್ರ ತೊಟ್ಟವನು.

“ಅಜ್ಜಾ, ಪೆಡಲಿನ ಚೈನ್ ಎಲ್ಲಿ?”

“ಸವೆದು ಹೋಗುತ್ತೆ ಅಂತ ಮನೇಲಿಟ್ಟಿದೀನಿ.”

“ಇದೇನಿದು?” ಯೊಸ್ಬೆಲ್ ಎಂಜಿನ್ ಮುಟ್ಟಿ ಬೆರಳು ಸುಟ್ಟುಕೊಂಡ.

“ಅದಾ? ನೀರಿನ ಪಂಪು. ತಂಗಿ ಮನೆಗೆ ಒಯ್ತಿದೀನಿ.”

“ಕೆಂಡದ ಹಾಗೆ ಕಾದಿದೆಯಲ್ಲ?”

“ಈ ಬಿಸಿಲಲ್ಲಿ ನಿನ್ನ ತಲೆ ಮುಟ್ಟಿ ನೋಡ್ಕೋ ಮಗಾ, ಅದೂ ಕಾದಿರುತ್ತೆ.”

ಯೊಸ್ಬೆಲ್ ಹ್ಯಾಂಡಲ್ಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಬಾಟಲಿ ತೋರಿಸಿದ. “ಇದರಲ್ಲಿ?”

“ಕಿತ್ತಳೆ ಷರಬತ್ತು.”

“ಹಂಗಾದ್ರೆ ಒಂದು ಗುಟುಕು ಕುಡಿ, ನೋಡೋಣ.”

ಎವೇಲಿಯೊ ಪೆಟ್ರೋಲಿನ ಬಾಟಲಿಯನ್ನು ನೋಡಿದ, ಪೊಲೀಸಿನವನನ್ನು ನೋಡಿದ. “ಸಕ್ಕರೆ ಕಾಯಿಲೆ ಕಣಪ್ಪಾ ನಂಗೆ.”

ಯೊಸ್ಬೆಲ್ ನಗು ನುಂಗಿಕೊಂಡು ರಸೀದಿ ಪುಸ್ತಕ ತೆಗೆದ. “ಸಾಕು ಅಜ್ಜಾ. ಎಂಜಿನ್ ಬಿಚ್ಚು. ಠಾಣೆಗೆ ಹೋಗುತ್ತೆ.”

ಎವೇಲಿಯೊನ ಹೋದ ವರ್ಷದ ಎಂಜಿನ್ನೂ ಹೀಗೇ ಠಾಣೆ ಸೇರಿ ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದೂ ಹೋದರೆ ದಿಗ್ನಾ ಕೇಕು ಮಾಡಿ ಯಾರ ಮನೆಗೆ ಹೇಗೆ ತಲುಪಿಸಬೇಕು? ಒಲೆ ಆರಿಸಿ ಕೂರಬೇಕಾದೀತು. ಮುದುಕನಿಗೆ ನಿಜವಾಗಿಯೂ ಅಳು ಬಂತು. ಸ್ಪ್ಯಾನರ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದ.

ದಿಗ್ನಾ ಅವನ ಮುಖ ನೋಡಿದಳು. ಬಿಸಿಲಿಗೆ ಬೆವರುತ್ತಿದ್ದ ಕೇಕನ್ನೂ ನೋಡಿದಳು.

“ಮಗಾ, ನನ್ನ ಕೈ ಜೋಮು ಹಿಡೀತು ಕಣೋ! ಇದನ್ನ ಸ್ವಲ್ಪ ಹಿಡ್ಕೋ! ಅಯ್ಯೋ ಬೀಳುತ್ತೆ, ಬೀಳುತ್ತೆ!”

ಯೊಸ್ಬೆಲ್ ರಸೀದಿ ಪುಸ್ತಕವನ್ನು ಕಂಕುಳಿಗೆ ತುರುಕಿ ಎರಡೂ ಕೈ ಚಾಚಿದ. ಚಾಚದೆ ಏನು ಮಾಡಿಯಾನು? ಹುಡುಗಿಗೆ ಹದಿನೈದು ತುಂಬುವ ದಿನದ ಕೇಕದು, ನಮ್ಮಲ್ಲಿ ಅದು ಮದುವೆಯಷ್ಟೇ ದೊಡ್ಡ ಹಬ್ಬ. ಬೀದಿಯವರೆಲ್ಲ ರೇಷನ್ ಮೊಟ್ಟೆ ಕೂಡಿಸಿ ಕೊಟ್ಟು ಮಾಡಿಸಿದ್ದು. ಅದನ್ನು ಮಣ್ಣಿಗೆ ಬೀಳಿಸಿದವನಿಗೆ ಈ ಊರಿನಲ್ಲಿ ಮುಂದೆ ಯಾರೂ ಒಂದು ಲೋಟ ಕಾಫಿ ಕೊಡುವುದಿಲ್ಲ, ಅವನ ಹೆತ್ತ ತಾಯಿಯೂ ಸೇರಿ.

ಕೇಕು ಅವನ ಕೈಗೆ ಬಿದ್ದದ್ದೇ ದಿಗ್ನಾ ಗಂಡನ ಸೊಂಟ ಚಿವುಟಿದಳು. “ಎಳಿಯೋ ಹಗ್ಗ!”

ಎವೇಲಿಯೊ ಸ್ಟಾರ್ಟರ್ ಹಗ್ಗ ಎಳೆದ. ನೀರಿನ ಪಂಪು ಭರ್ರೆಂದು ಎದ್ದು, ಇಬ್ಬರನ್ನೂ ಹೊತ್ತುಕೊಂಡು ಏರು ಹತ್ತಿತು.

“ಏ ಅಜ್ಜೀ! ನಿಲ್ಲು! ನಿಲ್ಲು ಅಂದ್ರೆ!” ಯೊಸ್ಬೆಲ್ ಎರಡು ಹೆಜ್ಜೆ ಓಡಿದ. ಮೇಲಿನ ಅಂತಸ್ತು ಸ್ವಲ್ಪ ವಾಲಿತು. ಉಸಿರು ಬಿಗಿಹಿಡಿದು ನಿಂತುಬಿಟ್ಟ.

“ಅಯ್ಯೋ ನಿನ್ನ! ಕೇಕ್ ಬಿಟ್ಟು ಬಂದ್ಯಲ್ಲೇ! ಆ ಹುಡುಗಿ ಗತಿ?” ಎವೇಲಿಯೊ ಕಿರುಚಿದ.

“ಸುಮ್ನೆ ಓಡಿಸು. ಅವನು ಏರಿನಲ್ಲಿ ಮುಂದಕ್ಕೇ ಬರ್ತಾನೆ, ನಿನ್ನ ಹಾಗಲ್ಲ.”

ಸೇತುವೆ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. “ಅಜ್ಜೀ! ಯಾರ ಮನೇಗೇ?”

“ಬೇಕರಿ ಹಿಂದೆ, ಹಸಿರು ಬಾಗಿಲು! ಓರೆ ಮಾಡ್ಬೇಡ!”

ದಿಗ್ನಾ ತಿರುಗಿ ನೋಡಿದಳು. ಯೊಸ್ಬೆಲ್ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಏರು ಹತ್ತುತ್ತಿದ್ದ. ಕೇಕು ಈಗ ಒಂದೇ ಅಂಗೈಯ ಮೇಲಿತ್ತು, ಸೀಟಿ ಕೊರಳಲ್ಲೇ ನೇತಾಡುತ್ತಿತ್ತು. ಬಿಡುವಾದ ಕೈಯಿಂದ ಅವನು ಪೊಲೀಸ್ ಟೋಪಿ ತೆಗೆದು, ಕೇಕಿನ ಮೇಲೆ ನೆರಳು ಹಿಡಿದಿದ್ದ.