ಆಗಲ್ಲ ಅಂದ ದಿನ

"ಈ ಸಲ ಆಗಲ್ಲ ಕಣೋ. ಬೇಜಾರು ಮಾಡ್ಕೋಬೇಡ."

ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ತಮ್ಮ ಫೋನಿನಿಂದ ತಲೆಯೆತ್ತಿದ. ಹೆಂಡತಿ ಮಕ್ಕಳೊಂದಿಗೆ ಪ್ರವಾಸ ಹೊರಟಿದ್ದ ಅವನು, ಹಾಸಿಗೆ ಹಿಡಿದ ಅಪ್ಪನನ್ನು ಒಂದು ತಿಂಗಳು ನೋಡಿಕೋ ಎಂದು ಕೇಳಲು ಬಂದಿದ್ದ.

ಅಕ್ಕನಿಗೆ ಮದುವೆಯಾಗಿರಲಿಲ್ಲ, ಹಾಗಾಗಿ ಅವಳ ಹೊತ್ತಿಗೆ ಮನೆಮಂದಿಯೆಲ್ಲ ವಾರಸುದಾರರು. ತಂಗಿಯ ಹೆರಿಗೆಗೂ ಅವಳೇ, ತಮ್ಮ ಮನೆ ಬದಲಿಸಿದಾಗ ಸಾಮಾನು ಕಟ್ಟುವುದಕ್ಕೂ ಅವಳೇ. ನಾಟಕದವರಿಗೆ ಉಡುಪು ಹೊಲಿಯುವುದು ಅವಳ ಕಸುಬು. ಹಿಂದೊಮ್ಮೆ ದೊಡ್ಡ ತಂಡವೊಂದು ತನ್ನ ಜೊತೆ ಊರೂರು ತಿರುಗಲು ಅವಳನ್ನು ಕರೆದಿತ್ತು. ಆ ತಂಡದ ನಿರ್ದೇಶಕನಿಗೆ ಅವಳು ಬರೀ ಹೊಲಿಗೆಗಾಗಿ ಬೇಕಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಅಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಅಕ್ಕ ಹೋಗಲಿಲ್ಲ. ಅವನು ಕೆಲವು ಕಾಲ ಫೋನು ಮಾಡಿದ, ಆಮೇಲೆ ಬಿಟ್ಟ.

ಈಗ, ಕೂದಲು ನರೆತ ಮೇಲೆ, ಒಂದು ಇಡೀ ನಾಟಕದ ಉಡುಪಿನ ಹೊಣೆ ಅವಳ ಕೈಗೆ ಬಂದಿತ್ತು. ತಮ್ಮ ಬರುತ್ತಾನೆಂದು ತಿಳಿದಾಗಿನಿಂದ ಕನ್ನಡಿಯೆದುರು ನಿಂತು 'ಆಗಲ್ಲ' ಅನ್ನುವುದನ್ನು ಕಲಿತಿದ್ದಳು. ಜೋರಾಗಿ ಅಂದರೆ ಜಗಳ ತೆಗೆದ ಹಾಗೆ, ಮೆಲ್ಲಗೆ ಅಂದರೆ ಬೇಡಿಕೊಂಡ ಹಾಗೆ ಕೇಳುತ್ತಿತ್ತು. ಅವನು ಸಿಟ್ಟಾಗುತ್ತಾನೆ, ಹೆತ್ತವರ ಋಣದ ಮಾತೆತ್ತುತ್ತಾನೆ ಎಂದುಕೊಂಡಿದ್ದಳು. ಎಲ್ಲಕ್ಕೂ ಉತ್ತರ ಸಿದ್ಧವಿತ್ತು.

"ಅಯ್ಯೋ, ಅದಕ್ಕೇನಂತೆ ಬಿಡಕ್ಕ," ಎಂದ ತಮ್ಮ. "ನೋಡ್ಕೊಳ್ಳೋಕೆ ಜನ ಸಿಗ್ತಾರೆ. ನಮ್ಮ ಆಫೀಸಿನವನೊಬ್ಬ ಅವರಮ್ಮನಿಗೆ ನರ್ಸ್ ಇಟ್ಟಿದ್ದ."

ಕೂತಲ್ಲಿಂದಲೇ ಫೋನು ಹಚ್ಚಿದ. ಅಕ್ಕ ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನು ಒಟ್ಟುಮಾಡುವುದರೊಳಗೆ ಮಾತು ಮುಗಿದಿತ್ತು.

"ಆಯ್ತು. ಸೋಮವಾರದಿಂದ ಬರ್ತಾಳಂತೆ."

ಕಲಿತಿಟ್ಟ ಉತ್ತರಗಳಲ್ಲಿ ಒಂದೂ ಬೇಕಾಗಲಿಲ್ಲ. ಅಕ್ಕ ಚೂರುಗಳನ್ನು ಚೀಲಕ್ಕೆ ತುಂಬುತ್ತ ಕೇಳಿದಳು: "ಅಮ್ಮ ಮಲಗಿದ್ದಾಗಲೂ ಹೀಗೆ ಜನ ಸಿಗ್ತಿದ್ರೇನೋ?"

"ಸಿಗ್ತಿದ್ರು. ಅಪ್ಪ ಒಬ್ಬರನ್ನ ಗೊತ್ತೂ ಮಾಡಿದ್ರು. ನೀನು ಇರ್ತೀನಿ ಅಂದ್ಯಲ್ಲ, ಅದಕ್ಕೇ ಬೇಡ ಅಂತ ಹೇಳಿ ಕಳಿಸಿದ್ವಿ."

ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತ, ತಲೆಯೆತ್ತದೆ ಅವನು ಸೇರಿಸಿದ: "ನಿನಗೆ ಬೇರೆ ಏನಾದ್ರೂ ಇತ್ತು ಅಂತ ನಮಗೇನಕ್ಕ ಗೊತ್ತು?"