ಬಚ್ಚಿಟ್ಟದ್ದೆಲ್ಲ ಮೇಜಿನ ಮೇಲೆ

“ಯಾರ್ಯಾರು ಏನೇನು ಬಚ್ಚಿಟ್ಟಿದ್ದೀರೋ, ಎಲ್ಲಾ ಈಗಲೇ ಈ ಮೇಜಿನ ಮೇಲೆ ಬರಬೇಕು,” ಎಂದಳು ಹೊಸ ಹೆಡ್ ನರ್ಸ್. ಒಂದು ನೊಣ ಬಂದು ಮೇಜಿನ ಮೇಲೆ ಕೂತಿತು, ಅಷ್ಟೇ. ನರ್ಸುಗಳಲ್ಲಿ ಒಬ್ಬರೂ ಜೇಬಿಗೆ ಕೈ ಹಾಕಲಿಲ್ಲ.

ಕಳೆದ ವಾರದವರೆಗೂ ತಮ್ಮ ಜೊತೆಗೇ ಬೆಡ್‌ಶೀಟ್ ಬದಲಿಸುತ್ತಿದ್ದವಳು ಈಗ ಅಪ್ಪಣೆ ಕೊಟ್ಟರೆ ಕೇಳುವವರು ಯಾರು? ವಾರ್ಡಿನ ಕತ್ತರಿ, ಪ್ಲಾಸ್ಟರ್, ಥರ್ಮಾಮೀಟರುಗಳನ್ನು ತಂತಮ್ಮ ಪಾಳಿಗೆಂದು ಅಡಗಿಸಿಡುವುದು ಇಲ್ಲಿನ ಹಳೇ ಚಾಳಿ. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ನರ್ಸ್ ಕೈಕಟ್ಟಿಕೊಂಡು, “ನಮ್ಮ ಹತ್ರ ಏನಿದೆ, ಮೇಡಂ?” ಎಂದಳು. ಆ ‘ಮೇಡಂ’ಗೆ ಹಾಗಲಕಾಯಿಯ ಕಹಿಯಿತ್ತು.

ಅಷ್ಟರಲ್ಲಿ ಬಾಗಿಲ ಬಳಿಯ ಮಂಚದಿಂದ ಎದ್ದು ನಿಂತ ಅಜ್ಜ ತಲೆ ಸುತ್ತಿ ಕುಸಿದರು. ಎಲ್ಲರೂ ಓಡಿದರು. ಟ್ರಾಲಿಯ ಬಿಪಿ ಮೆಷಿನ್ ಎಷ್ಟು ಒತ್ತಿದರೂ ಗಾಳಿ ಹಿಡಿಯಲಿಲ್ಲ. ಹೆಡ್ ನರ್ಸ್ ಹಿಂದೆಮುಂದೆ ನೋಡದೆ ಸ್ಟೂಲು ಹತ್ತಿದಳು. ಬೀರುವಿನ ಮೇಲಿದ್ದ ಹಳೇ ಕಂಬಳಿಗಳ ಹಿಂದೆ ಕೈ ಹಾಕಿ, ಥಳಥಳ ಹೊಳೆಯುವ ಇನ್ನೊಂದು ಮೆಷಿನ್ ಎಳೆದು ತಂದಳು.

ಅಜ್ಜ ಸುಧಾರಿಸಿಕೊಂಡು ನೀರು ಕೇಳಿದರು. ಆಮೇಲೆ ಎಲ್ಲರ ಕಣ್ಣೂ ಆ ಮೆಷಿನ್ ಮೇಲೆ ನೆಟ್ಟಿತು. ಹೆಡ್ ನರ್ಸ್ ತಲೆ ತಗ್ಗಿಸಿ, ಅದನ್ನು ತಾನೇ ತಂದು ಮೇಜಿನ ಮೇಲಿಟ್ಟಳು.

“ಎರಡು ವರ್ಷದಿಂದ ಇದನ್ನೇ ಹುಡುಕ್ತಾ ಇದ್ದೀನಲ್ಲೇ, ಕಳ್ಳಿ!” ದೊಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ. ತನ್ನ ತುರುಬಿನೊಳಗಿಂದ ಥರ್ಮಾಮೀಟರ್ ತೆಗೆದು ಮೆಷಿನ್ ಪಕ್ಕಕ್ಕಿಟ್ಟು, ಉಳಿದವರತ್ತ ತಿರುಗಿದಳು: “ಏನ್ರೇ ನೋಡ್ತಾ ನಿಂತಿದ್ದೀರಿ? ಮೇಡಂ ಹೇಳಿದ್ದು ಕೇಳಿಸ್ಲಿಲ್ವಾ?”