ಒಂದು ಸೈಜ್ ಚಿಕ್ಕದು

"ಏನೇ ಇದು! ನಾವಿಬ್ಬರು ತೂರಿಕೊಂಡ್ರೂ ಇನ್ನೂ ಜಾಗ ಉಳಿಯುತ್ತಲ್ಲೇ!"

ಸೈಕಲ್ ತಂಡದ ನಾಯಕಿ ಹೊಸ ಹುಡುಗಿಯ ರೇಸ್ ಚಡ್ಡಿಯನ್ನು ಎರಡೂ ಕೈಯಿಂದ ಹಿಗ್ಗಿಸಿ ಎತ್ತಿ ಹಿಡಿದಾಗ, ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹೊಸ ಸೀಸನ್ನಿನ ಉಡುಪು ಬಂದ ದಿನ ಅದು. ಮಂಚದ ಮೇಲೆ, ಕುರ್ಚಿಯ ಬೆನ್ನಿಗೆ, ಎಲ್ಲಿ ನೋಡಿದರೂ ಜೆರ್ಸಿ, ಕೈಗವಸು, ಕಾಲುಚೀಲ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದ ದರ್ಜಿಯೂ ನಗು ತಡೆಯಲಾರದೆ ಮುಖ ತಿರುಗಿಸಿದ. ಹುಡುಗಿಯೂ ನಕ್ಕಳು. ಎಲ್ಲರ ನಗು ನಿಂತ ಮೇಲೆ ದರ್ಜಿಯ ಹತ್ತಿರ ಹೋಗಿ, "ಒಂದು ಸೈಜ್ ಚಿಕ್ಕದು ಕೊಡಿ ಅಣ್ಣ" ಎಂದಳು.

"ಬಿಗಿ ಆಗುತ್ತಮ್ಮ. ದಿನವಿಡೀ ಪೆಡಲ್ ತುಳಿಯೋ ಕಾಲು, ತೊಡೆ ಕಚ್ಚುತ್ತೆ."

"ಪರವಾಗಿಲ್ಲ. ತೂಕ ಇಳಿಸ್ತೀನಿ."

ಆ ಮಾತು ನಾಯಕಿಯ ಕಿವಿಗೂ ಬಿತ್ತು. ಕೇಳಿಸದವಳಂತೆ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು.

ರೇಸಿನಲ್ಲಿ ಸೈಕಲ್ ತುಳಿದೇ ಬದುಕುವವರಿಗೆ ತಿನ್ನುವುದೂ ಒಂದು ಕೆಲಸ. ಹಸಿವಿರಲಿ ಬಿಡಲಿ, ಬೆಳಗಾಗುತ್ತಲೇ ಗಂಜಿ, ಅನ್ನ, ಮೊಟ್ಟೆ ಹೊಟ್ಟೆಗೆ ಇಳಿಸಬೇಕು. ಸೈಕಲ್ ಮೇಲೆ ಕೂತಲ್ಲೇ ಬೆನ್ನಿನ ಜೇಬಿಗೆ ಕೈಹಾಕಿ, ಜೇನು ಕಲಸಿ ಒತ್ತಿದ ಅನ್ನದ ಬಿಲ್ಲೆಗಳನ್ನು ಅಗಿಯುತ್ತಲೇ ಇರಬೇಕು. ಇಲ್ಲದಿದ್ದರೆ ಬೆಟ್ಟದ ಬುಡದಲ್ಲಿ ಕಾಲೇ ಕೈಕೊಡುತ್ತದೆ. ಇದನ್ನೆಲ್ಲ ಹುಡುಗಿಗೆ ಹೇಳಿಕೊಟ್ಟವಳು ನಾಯಕಿಯೇ. ಆದರೂ ಉಡುಪು ಬಂದ ದಿನದಿಂದ ಅಡುಗೆಯವರು ಸೌಟು ಎತ್ತಿದರೆ ಸಾಕು, ಹುಡುಗಿ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ನಿಮ್ಮ ಹುಡುಗಿ ಕೋಳಿ ಕೆದಕಿದ ಹಾಗೆ ಅನ್ನ ಕೆದಕಿ ಎದ್ದು ಹೋಗ್ತಾಳೆ. ನೀವೊಂದು ಮಾತು ಹೇಳಿ, ನಿಮ್ಮ ಮಾತಾದ್ರೆ ಕೇಳ್ತಾಳೆ" ಎಂದರು ಅಡುಗೆಯವರು.

"ಹೊಸಬಳಲ್ವಾ, ಸರಿಹೋಗ್ತಾಳೆ ಬಿಡಿ" ಎಂದಳು ನಾಯಕಿ.

ಮೊದಲ ದೊಡ್ಡ ರೇಸಿನ ದಿನ ಹೊಳೆಯ ದಂಡೆಯ ರಸ್ತೆಯುದ್ದಕ್ಕೂ ಎದುರುಗಾಳಿ. ನಾಯಕಿಯ ಕಾಲಿನ ಕಸುವು ಬೆಟ್ಟಕ್ಕೆ ಉಳಿಯಲೆಂದು ಹುಡುಗಿ ಮುಂದೆ ಸಾಗಿ ಗಾಳಿಗೆ ಎದೆಕೊಟ್ಟಳು. ಅವಳ ಬೆನ್ನ ಮರೆಯಲ್ಲಿ ನಾಯಕಿ ಆಯಾಸವಿಲ್ಲದೆ ತುಳಿದಳು. ಕಣ್ಣೆದುರಿಗೇ ಆ ತೊಡೆಗಳು, ಅವುಗಳಲ್ಲಿ ಹೂತುಹೋದ ಚಡ್ಡಿಯ ಅಂಚು. "ತಿಂದ್ಯೇನೇ?" ಎಂದು ಕೂಗಿದಳು. "ತಿಂದೆ ಅಕ್ಕ!" ಎಂದಳು ಹುಡುಗಿ, ತಿರುಗಿ ನೋಡದೆ. ಬೆಟ್ಟ ಶುರುವಾಗುತ್ತಿದ್ದಂತೆ ಹುಡುಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾಯಕಿ ಮೇಲೆ ಹತ್ತಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಳು. ಹುಡುಗಿಯನ್ನು ಮೊದಲ ತಿರುವಿನ ಚರಂಡಿಯ ಪಕ್ಕದಿಂದ ಎತ್ತಿ ತಂದರಂತೆ.

ಹೂಗುಚ್ಛ ಹಿಡಿದೇ ನಾಯಕಿ ತಂಡದ ವ್ಯಾನಿನ ಹತ್ತಿರ ಓಡಿ ಬಂದಳು. ಹುಡುಗಿ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಳು. ಮಾಲೀಸು ಮಾಡುವಾಕೆ ಅವಳ ಜೆರ್ಸಿ ಬಿಚ್ಚಿ ಜೇಬು ಖಾಲಿ ಮಾಡುತ್ತಿದ್ದಳು. ಒಂದೊಂದಾಗಿ ಅನ್ನದ ಬಿಲ್ಲೆಗಳು ಹೊರಬಂದವು. ಯಾವುದರ ಕಾಗದವನ್ನೂ ಬಿಚ್ಚಿರಲಿಲ್ಲ. ತೊಡೆಗಳ ಸುತ್ತ ಚರ್ಮ ಕಿತ್ತು ಕೆಂಪಗೆ ಬಳೆ ತೊಡಿಸಿದಂತಾಗಿತ್ತು.

"ತಿಂದೆ ಅಂದ್ಯಲ್ಲೇ..."

"ಸಾರಿ ಅಕ್ಕ. ಬೆಟ್ಟದಲ್ಲೂ ಸ್ವಲ್ಪ ದೂರ ನಿಮ್ಮ ಜೊತೆ ಇರಬೇಕಿತ್ತು. ಆಗ್ಲಿಲ್ಲ."

ಕೈಯಲ್ಲಿದ್ದ ಹೂವನ್ನು ಎಲ್ಲಿಡುವುದೆಂದು ನಾಯಕಿಗೆ ತಿಳಿಯಲಿಲ್ಲ. ಮಾಲೀಸಿನಾಕೆಯ ಎದುರಿಗೇ, ತಲೆ ತಗ್ಗಿಸಿ ಹೇಳಿದಳು: "ಅವತ್ತು ಚಡ್ಡಿ ಹಿಡಿದು ಎಲ್ಲರನ್ನೂ ನಗಿಸಿದ್ನಲ್ಲ, ಹೊಟ್ಟೆಕಿಚ್ಚಿಗೆ ಕಣೇ. ನಿನ್ನ ಕಾಲು ನೋಡಿ. ಈ ಕಸುವು ನಂಗೆ ನಿನ್ನ ವಯಸ್ಸಲ್ಲೂ ಇರಲಿಲ್ಲ."

ಹುಡುಗಿ ಒಣಗಿದ ತುಟಿಯಲ್ಲೇ ನಕ್ಕಳು. "ಬಿಡಿ ಅಕ್ಕ. ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ."

ಆಣೆ ಇಟ್ಟರೂ ಇವಳು ನಂಬುವುದಿಲ್ಲ ಎಂದು ನಾಯಕಿಗೆ ಗೊತ್ತಾಯಿತು. ಅಂದು ತಾನು ನಗುತ್ತ ಆಡಿದ್ದನ್ನು ಮಾತ್ರ ಹುಡುಗಿ ಒಂದಕ್ಷರ ಬಿಡದೆ ನಂಬಿದ್ದಳು.

ಸಂಜೆ ಊಟದ ಮೇಜಿನ ಸುತ್ತ ಗೆಲುವಿನದೇ ಗದ್ದಲ. ಅಡುಗೆಯವರು ಯಾರನ್ನೂ ಕೇಳದೆ ಹುಡುಗಿಯ ತಟ್ಟೆ ತುಂಬ ಬಡಿಸಿದರು. ಎದುರಿಗೆ ಕೂತ ನಾಯಕಿ ತಾನೂ ಎರಡು ಪಟ್ಟು ಬಡಿಸಿಕೊಂಡು, ಕಾಣುವ ಹಾಗೆ ದೊಡ್ಡ ತುತ್ತು ಬಾಯಿಗಿಟ್ಟಳು. ಹುಡುಗಿ ಚಮಚ ಎತ್ತಿದಳು. ತುಟಿಯ ಹತ್ತಿರ ತಂದವಳು ಅಲ್ಲೇ ತಡೆದು, ಒಮ್ಮೆ ನಾಯಕಿಯ ಮುಖ ನೋಡಿದಳು.